ವಾಸುವನ್ನು ಒಯ್ದ ಘಟಸರ್ಪ

ಕಳೆದ ವಾರ ಪುಣೆಯ ಶನಿವಾರ ಪೇಟೆಯಲ್ಲಿ ಒಂದು ಹಳೆಯ ವಾಡೆಯನ್ನು, ಅಂಗಳದ ಸುತ್ತ ಖೋಲಿಗಳಿದ್ದ ದೊಡ್ಡ ಮನೆಯನ್ನು, ಕೆಡವುತ್ತಿದ್ದರು. ಮಳೆ ಜೋರಾಗಿಯೂ ಬಾರದೆ, ನಿಲ್ಲಲೂ ನಿಲ್ಲದೆ ಬೆಳಗಿನಿಂದ ಹನಿಯುತ್ತಿತ್ತು. ಮಣ್ಣಿನ ಗೋಡೆ ಅರ್ಧ ಕುಸಿದು ನೆನೆದಿತ್ತು. ಎಷ್ಟೋ ಕಾಲ ಬಿಸಿಲನ್ನೇ ಕಾಣದ ತೊಲೆಗಳನ್ನು ರಸ್ತೆಯಂಚಿಗೆ ಎಳೆದು ಹಾಕಿದ್ದರು. ನಾನು ಸ್ಕೂಟಿ ನಿಲ್ಲಿಸಿದ್ದು ಸಿಗ್ನಲ್ಲಿಗೆ, ಆದರೆ ಹಸಿರು ಬಿದ್ದರೂ ಮುಂದೆ ಹೋಗಲಿಲ್ಲ. ಹಸಿ ಮಣ್ಣು, ಸುಣ್ಣ, ಗೆದ್ದಲು ಹಿಡಿದ ಕಟ್ಟಿಗೆ, ಒಲೆಯ ಹಳೆಯ ಹೊಗೆ ಎಲ್ಲ ಸೇರಿದ ಒಂದು ವಾಸನೆ. ಹಿಂದಿನ ರಿಕ್ಷಾದವನು ಮರಾಠಿಯಲ್ಲಿ ಬೈದ ಮೇಲೆ ಬದಿಗೆ ಸರಿದೆ.

ಅಂಥ ವಾಡೆಯಲ್ಲಿ ನಾನು ಒಂದು ದಿನವೂ ಇದ್ದವಳಲ್ಲ. ಊರಂಚಿನ ವಾಕಡದಲ್ಲಿ, ಹನ್ನೊಂದನೆಯ ಮಹಡಿಯ ಫ್ಲಾಟಿನಲ್ಲಿ ಬೆಳೆದವಳು. ಆದರೂ ಆ ವಾಸನೆ ನಮ್ಮ ಮನೆಯದೇ ಅನ್ನಿಸಿತು. ಯಾಕೆಂದರೆ ಒಂದು ಇಡೀ ಮಳೆಗಾಲ ನಾನು ಅಂಥದೇ ಒಂದು ವಾಡೆಯ ಒಳಗಿದ್ದೆ. ನಾನು, ನಮ್ಮಜ್ಜಿ, ನಾಲ್ಕು ವರ್ಷದ ಒಬ್ಬ ಹುಡುಗ ಮತ್ತು ಒಂದು ಘಟಸರ್ಪ. ಅಜ್ಜಿ ಈಗ ಇಲ್ಲ.

ಆ ವರ್ಷ ನನ್ನ ಬಿ.ಕಾಂ. ಕೊನೆಯ ಪರೀಕ್ಷೆ ಮುಗಿದು ರಿಸಲ್ಟ್ ಬಂದಿರಲಿಲ್ಲ. ಅಜ್ಜಿ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಎಂಬತ್ತೇಳನೆಯ ವಯಸ್ಸು. ಆಪರೇಷನ್ ಮಾಡಿ, ಒಳಗೆ ಪ್ಲೇಟು ಕೂರಿಸಿ ಮನೆಗೆ ಕಳಿಸಿದ್ದರು. ಅಪ್ಪನ ಕೆಲಸ ಕುರಕುಂಭದ ಕೆಮಿಕಲ್ ಕಂಪನಿಯಲ್ಲಿ, ಅಲ್ಲೇ ಖೋಲಿ ಮಾಡಿಕೊಂಡು ಶನಿವಾರಕ್ಕೊಮ್ಮೆ ಬರುತ್ತಿದ್ದರು. ಅಮ್ಮ ಬ್ಯಾಂಕಿಗೆ ಹೋಗಬೇಕು. ಉಳಿದವಳು ನಾನು. ನನ್ನ ಕೋಣೆಯಲ್ಲಿ ಅಜ್ಜಿಗೆ ಆಸ್ಪತ್ರೆಯಂಥ ಮಂಚ ಬಂತು, ನನ್ನ ಹಾಸಿಗೆ ನೆಲಕ್ಕಿಳಿಯಿತು.

ಪುಣೆಯ ಮಳೆ ನೋಡಿದವರಿಗೆ ಗೊತ್ತು, ಅದು ಸುರಿದು ಮುಗಿಯುವ ಮಳೆಯಲ್ಲ. ಮೋಡ ಕೆಳಗಿಳಿದು ಎದುರಿನ ಬಿಲ್ಡಿಂಗಿನ ಮೇಲಿನ ಮಹಡಿಗಳನ್ನು ನುಂಗಿ ಹಾಗೇ ಕೂತುಬಿಡುತ್ತದೆ. ಬಟ್ಟೆ ಒಣಗುವುದಿಲ್ಲ. ಮನೆಯ ತುಂಬ ಹಗ್ಗ ಕಟ್ಟಿ, ಒದ್ದೆ ಸೀರೆಗಳ ನಡುವೆ ನಾವು ಓಡಾಡುತ್ತಿದ್ದೆವು. ಮಧ್ಯಾಹ್ನಕ್ಕೇ ಲೈಟು ಹಚ್ಚಬೇಕು. ಅಜ್ಜಿಯ ಕಿಟಕಿಯಿಂದ ಕಾಣುತ್ತಿದ್ದದ್ದು ಬೂದುಬಣ್ಣವೊಂದೇ.

ಆ ಬೂದುಬಣ್ಣದಲ್ಲಿ ನಾನು ಡ್ರ್ಯಾಗನ್ ಹಾರಿಸುತ್ತಿದ್ದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನನಗೆ ಚಿಕ್ಕಂದಿನಿಂದ ಡ್ರ್ಯಾಗನ್ ಹುಚ್ಚು. ಕಲಿಸಿದವರು ಯಾರೂ ಇಲ್ಲ, ಸಿಕ್ಕಿದ್ದನ್ನೆಲ್ಲ ಓದಿ ನೋಡಿ ಕಲಿತದ್ದು. ಬಾವಲಿಯ ರೆಕ್ಕೆಯೊಳಗೆ ಬೆರಳುಗಳು ಹೇಗೆ ಚಾಚಿಕೊಂಡಿವೆ, ಹದ್ದು ರೆಕ್ಕೆ ಬಡಿಯದೆ ಹೇಗೆ ಮೇಲೇರುತ್ತದೆ, ಹೆಬ್ಬಾವು ಒಮ್ಮೆ ನುಂಗಿದರೆ ಎಷ್ಟು ಕಾಲ ಉಪವಾಸ ಇರಬಲ್ಲದು, ಇವೆಲ್ಲ ಕೇಳಿ, ಈಗಲೂ ತಡವರಿಸದೆ ಹೇಳುತ್ತೇನೆ. ಯುದ್ಧವೂ ಹಾಗೇ. ಶಾಲೆಯಲ್ಲಿ ಎರಡನೆಯ ಮಹಾಯುದ್ಧ ಅಂದರೆ ಒಂದೆರಡು ಪುಟ. ನನಗೆ ಸಾಲಲಿಲ್ಲ. ಬರ್ಮಾದ ಕಾಡುಗಳಲ್ಲಿ ಕೆಸರಿನಲ್ಲಿ ಹೂತ ಲಾರಿಗಳು, ಜಿಗಣೆ, ಜ್ವರ, ಎಲ್ಲವನ್ನೂ ಹುಡುಕಿ ಹುಡುಕಿ ಓದಿದೆ. ಈ ಎರಡು ಹುಚ್ಚು ಸೇರಿಸಿ ಕಾದಂಬರಿ ಬರೆಯಬೇಕು, ಅದೂ ಕನ್ನಡದಲ್ಲಿ ಅಂತ ಹಟ. ನಮ್ಮ ಮನೆಯೊಳಗೆ ಕನ್ನಡ, ಲಿಫ್ಟಿನಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್. ಕನ್ನಡದ ಅಕ್ಷರ ಯಾರೂ ಕಲಿಸಿರಲಿಲ್ಲ. ಫೋನಿನ ಕೀಲಿಮಣೆಯಲ್ಲಿ ಒಂದೊಂದೇ ಒತ್ತಿ ನಾನೇ ಕಲಿತೆ. ಇವತ್ತಿಗೂ ಪೆನ್ನು ಕೊಟ್ಟರೆ ಒತ್ತಕ್ಷರ ತಪ್ಪುತ್ತದೆ. ಟೈಪ್ ಮಾಡು ಅನ್ನಿ, ಮಾತಾಡಿದಷ್ಟೇ ವೇಗ.

ಡ್ರ್ಯಾಗನ್ನಿಗೆ ಕನ್ನಡದಲ್ಲಿ ಏನನ್ನಬೇಕು? ನನಗೆ ಹುಡುಕುವ ಕೆಲಸವೇ ಬೀಳಲಿಲ್ಲ. ಆ ಮಾತು ಅಜ್ಜಿಯಿಂದ ನನಗೆ ಮೊದಲೇ ಸಿಕ್ಕಿತ್ತು.

ಅಜ್ಜಿಯ ಅಪ್ಪ ಧಾರವಾಡದವರು. ಯುದ್ಧದ ಕಾಲಕ್ಕೆ ಖಡಕಿಯ ಮಿಲಿಟರಿ ಕಚೇರಿಯಲ್ಲಿ ಕಾರಕೂನರಾಗಿ ಪುಣೆಗೆ ಬಂದು ಪೇಟೆಯ ಒಂದು ವಾಡೆಯಲ್ಲಿ ಎರಡು ಖೋಲಿ ಹಿಡಿದಿದ್ದರು. ಅಜ್ಜಿಗೆ ಆಗ ಆರು ವರ್ಷ, ಅವಳ ತಮ್ಮ ವಾಸುವಿಗೆ ನಾಲ್ಕು. ಸಣ್ಣವಳಿದ್ದಾಗ ನಾನೊಮ್ಮೆ, ಅಜ್ಜಿ, ನಿನ್ನ ತಮ್ಮ ಈಗೆಲ್ಲಿದ್ದಾನೆ ಎಂದು ಕೇಳಿದ್ದೆ. ಅವಳು ಅವರೆಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ ಹೇಳಿದ್ದು ಇಷ್ಟೇ:

“ಯುದ್ಧ ನಡದಿತ್ತು. ಅವನ್ನ ಘಟಸರ್ಪ ಒಯ್ತು.”

ಆ ವಯಸ್ಸಿನಲ್ಲಿ ಇದಕ್ಕಿಂತ ದೊಡ್ಡ ಕಥೆ ಬೇಕೆ? ಆಮೇಲೆ ನಿಘಂಟು ನೋಡಿದೆ, ಘಟಸರ್ಪ ಅಂದರೆ ಭಾರಿ ದೊಡ್ಡ ಹಾವು ಅಂತಲೇ ಇತ್ತು. ಅಂಥದೊಂದು ಹಾವು ಯುದ್ಧದ ನಡುವೆ ಪುಣೆಯ ಮೇಲೆ ಇಳಿದು ಒಬ್ಬ ಹುಡುಗನನ್ನು ಎತ್ತಿಕೊಂಡು ಹೋಯಿತು. ಅಜ್ಜಿ ಬೇರೇನೂ ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಉಳಿದದ್ದನ್ನೆಲ್ಲ ನಾನೇ ಕಟ್ಟಿದೆ.

ನನ್ನ ಕಾದಂಬರಿಯಲ್ಲಿ ಖಡಕಿಯ ಮದ್ದುಗುಂಡಿನ ಕೋಠಿಗಳ ಹಿಂದೆ ಸರ್ಪಗಳನ್ನು ಸಾಕುತ್ತಾರೆ. ರೆಕ್ಕೆಯ ಸರ್ಪಗಳು, ಬರ್ಮಾದ ಯುದ್ಧಕ್ಕೆ. ಅವು ದೊಡ್ಡವರ ಮಾತು ಕೇಳುವುದಿಲ್ಲ. ಹಾಲುಹಲ್ಲು ಬೀಳುವ ಮೊದಲು ಬೆನ್ನು ಹತ್ತಿದ ಮಕ್ಕಳ ಮಾತು ಮಾತ್ರ ಕೇಳುತ್ತವೆ. ಅದಕ್ಕೇ ಒಂದು ಸರ್ಪ ವಾಡೆಯ ಅಂಗಳಕ್ಕೆ ಇಳಿದು ವಾಸುವನ್ನು ಒಯ್ಯುತ್ತದೆ. ಇನ್ನೊಂದು ನಿಯಮ, ಇದು ನನಗೆ ಬಹಳ ಹೆಮ್ಮೆಯದು: ಸರ್ಪದ ಬೆನ್ನಿನ ಮೇಲೆ ಒಂದು ಅಮಾವಾಸ್ಯೆ ಕಳೆದರೆ ಸವಾರನಿಗೆ ಒಂದು ವರ್ಷ ತುಂಬುತ್ತದೆ. ಹಾಗಾಗಿ ಯುದ್ಧ ಮುಗಿಯುವ ಮೊದಲೇ ವಾಸು ದೊಡ್ಡವನಾಗುತ್ತಾನೆ.

ಕಥೆ ಹಾಕುವ ಒಂದು ಆ್ಯಪಿನಲ್ಲಿ ಇದನ್ನು ಅಧ್ಯಾಯ ಅಧ್ಯಾಯವಾಗಿ ಹಾಕುತ್ತಿದ್ದೆ. ಓದುವವರು ಬೆರಳೆಣಿಕೆ. ಹಾಕುವ ಮೊದಲು ಅಜ್ಜಿಗೆ ಓದಿ ಹೇಳುವುದು ಆ ಮಳೆಗಾಲದಲ್ಲಿ ಶುರುವಾಯಿತು. ಊಟವಾಗಿ, ಗುಳಿಗೆ ನುಂಗಿ, ಅವಳ ಬೆನ್ನ ಹಿಂದೆ ದಿಂಬು ಇಟ್ಟು ನಾನು ಮಂಚದ ಕಾಲಬಳಿ ಕೂರುತ್ತಿದ್ದೆ. ಮೊದಲ ದಿನ ಸುಮ್ಮನೆ ಹೊತ್ತು ಹೋಗಲಿ ಅಂತ ಓದಿದ್ದು. ಮರುದಿನ ಊಟ ಅರ್ಧದಲ್ಲಿರುವಾಗಲೇ ಅಜ್ಜಿ ಚಮಚ ಕೆಳಗಿಟ್ಟು, ಹಾವಿನ ಮ್ಯಾಲೆ ಹತ್ತಿದಾ, ಮುಂದ, ಅಂದಳು.

ಅವಳಂಥ ಕೇಳುಗರನ್ನು ನಾನು ಆಮೇಲೆ ಕಂಡಿಲ್ಲ. ಸರ್ಪಕ್ಕೆ ನಾನು ಕಾಲಮೇಘನಾದ ಅಂತ ಹೆಸರಿಟ್ಟಿದ್ದೆ. ಮೂರು ದಿನ ಯೋಚಿಸಿ ಇಟ್ಟ ಹೆಸರು. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

“ಅಷ್ಟುದ್ದ ಹೆಸರು ಕರದು ಮುಗಸೂದ್ರಾಗ ಬಾಂಬ್ ಬಿದ್ದಿರತದ. ಭೀಮ್ಯಾ ಅನ್ನು.”

ಭೀಮ್ಯಾ ಆಯಿತು. ಮೋಡದ ಮೇಲೆ ಹಾರಿದರೆ ಕಿವಿಗೆ ಥಂಡಿ ಹೊಡೆಯುವುದಿಲ್ಲವೇ, ಹುಡುಗನಿಗೆ ಒಂದು ಕುಲಾವಿ ಹಾಕು ಅಂದಳು. ಸೈನಿಕರು ಕುಲಾವಿ ಹಾಕುವುದಿಲ್ಲ ಅಜ್ಜಿ ಅಂದರೆ ಒಪ್ಪಲಿಲ್ಲ. ಹೆಲ್ಮೆಟ್ಟಿನ ಒಳಗೆ ಹಾಕಿದರೆ ಯಾವ ಸಾಹೇಬನಿಗೆ ಕಾಣುತ್ತದೆ ಎಂದು ವಾದಿಸಿ ಹಾಕಿಸಿಯೇಬಿಟ್ಟಳು. ಮಳೆಯಲ್ಲಿ ನೆನೆದ ಇಷ್ಟಗಲದ ರೆಕ್ಕೆಯನ್ನು ಒಣಗಿಸುವುದು ಹೇಗೆ ಎಂದು ಕೇಳಿದಳು. ನಮ್ಮ ಮನೆಯ ಒದ್ದೆ ಸೀರೆಗಳನ್ನು ನೋಡುತ್ತ ನಾನು ಅದಕ್ಕೊಂದು ಅಧ್ಯಾಯವನ್ನೇ ಬರೆದೆ. ಯುದ್ಧದ ಭಾಗ ಬಂದರೆ ಅವಳ ಕಣ್ಣು ಕೂಡುತ್ತಿತ್ತು. ವಾಸು ಏನು ತಿಂದ, ಎಲ್ಲಿ ಮಲಗಿದ, ಅವನ ಬಟ್ಟೆ ಒಗೆಯುವವರು ಯಾರು, ಇದು ಬಂದರೆ ಎಚ್ಚರ. ಪ್ರತಿ ಅಮಾವಾಸ್ಯೆ ಬಂದಾಗ ತಪ್ಪದೆ ಒಂದು ಪ್ರಶ್ನೆ.

“ಮೀಸಿ ಬಂದಾವೇನು?”

ಬಂದಾಗ, ಅಪ್ಪನಂತೆ ಬಂದವೋ ಸೋದರಮಾವನಂತೆ ಬಂದವೋ ಅಂತ ಕೇಳಿದಳು. ಅವರಿಬ್ಬರ ಮೀಸೆಯನ್ನೂ ನಾನು ಕಂಡಿಲ್ಲ. ನಿನ್ನಪ್ಪನಂತೆ ಅಂದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಬೆರಳಿಂದ ತನ್ನ ಮೇಲ್ದುಟಿ ಸವರಿಕೊಂಡಳು. ಅಷ್ಟು ಮೆಚ್ಚಿಕೆಯಾಯಿತಲ್ಲ ಎಂದು ನನಗೆ ಖುಷಿ.

ಕೊನೆ ನನ್ನ ತಲೆಯಲ್ಲಿ ಮೊದಲಿನಿಂದಲೂ ಇತ್ತು. ಬರ್ಮಾದ ಬೆಟ್ಟಗಳಲ್ಲಿ ಸಾವಿರಾರು ಜನರನ್ನು ಉಳಿಸಲು ವಾಸು ಭೀಮ್ಯಾನ ಜೊತೆ ಬೆಂಕಿಯೊಳಗೆ ಧುಮುಕುತ್ತಾನೆ. ಕಾದಂಬರಿಯ ಮೊದಲ ಸಾಲಿಗಿಂತ ಮೊದಲೇ ಬರೆದಿಟ್ಟ ಪುಟ ಅದು. ಓದುಗರೂ ದೊಡ್ಡ ಯುದ್ಧ ಯಾವಾಗ ಎಂದು ಕೇಳುತ್ತಿದ್ದರು.

ಆಷಾಢ ಮುಗಿಯುವ ಹೊತ್ತಿಗೆ ಅಜ್ಜಿಯ ನೋವು ಹೆಚ್ಚಾಯಿತು. ಎಕ್ಸ್‌ರೇ ತೆಗೆಸಿದರೆ ಪ್ಲೇಟು ಸಡಿಲವಾಗಿದೆ, ಮತ್ತೆ ತೆರೆಯಬೇಕು. ಡಾಕ್ಟರು ಅಪ್ಪನನ್ನು ಬದಿಗೆ ಕರೆದು, ಈ ವಯಸ್ಸಿಗೆ ಎರಡನೆಯ ಸಲ ಅಂದರೆ ಏನೂ ಭರವಸೆ ಕೊಡಲಾರೆ, ತೆರೆಯದೆ ಬಿಟ್ಟರೂ ಕೊಡಲಾರೆ ಅಂದರಂತೆ. ಮನೆಯಲ್ಲಿ ಯಾರೂ ಅಜ್ಜಿಯ ಎದುರು ಇದನ್ನು ಆಡಲಿಲ್ಲ. ಆಡಬೇಕಾದ ಅಗತ್ಯವೂ ಇರಲಿಲ್ಲ. ಆಸ್ಪತ್ರೆಗೆ ಸೇರುವ ದಿನ ಗೊತ್ತಾದ ಮಧ್ಯಾಹ್ನ ಅವಳು ನನ್ನನ್ನು ಹತ್ತಿರ ಕರೆದಳು.

“ಪಲ್ಲಿ, ಕಥಿ ಮುಗಸು. ವಾಸು ಕಡೀಕ ಎಲ್ಲಿ ಹೋದಾ ಅಂತ ಗೊತ್ತಾಗದ ನಾ ಆ ಆಪರೇಷನ್ ಖೋಲಿಯೊಳಗ ಹೋಗೂದಿಲ್ಲ.”

ನನಗೆ ಅದು ಸವಾಲಿನಂತೆ ಕೇಳಿಸಿತು. ಮುಗಿಸ್ತೀನಿ ಅಂದೆ. ಆ ಬೆಂಕಿಯ ಪುಟವನ್ನು ಓದಿದರೆ ಅವಳ ಮುಖ ಹೇಗಾಗಬಹುದು ಎಂದು ಊಹಿಸಿಕೊಂಡು ಇನ್ನಷ್ಟು ತಿದ್ದತೊಡಗಿದೆ.

ಅಜ್ಜಿಯ ಕಾಲಿಗೆ ವ್ಯಾಯಾಮ ಮಾಡಿಸಲು ಮೃಣಾಲ್ ಎಂಬ ಫಿಸಿಯೋಥೆರಪಿಸ್ಟ್ ದಿನ ಬಿಟ್ಟು ದಿನ ಬರುತ್ತಿದ್ದಳು. ಮರಾಠಿಯವಳು, ನನಗಿಂತ ಐದಾರು ವರ್ಷ ದೊಡ್ಡವಳು, ಮನೆಯಲ್ಲಿ ಹಾಲು ಕುಡಿಯುವ ಕೂಸು. ಒಂದು ದಿನ ಅವಳು ಬಂದಾಗ ನಾನು ಓದುವುದರ ನಡುವೆ ಇದ್ದೆ. ಅಜ್ಜಿ ನಿಲ್ಲಿಸಬೇಡ ಎಂದು ಸನ್ನೆ ಮಾಡಿದಳು. ಮೃಣಾಲ್ ಕಾಲು ಎತ್ತಿ ಇಳಿಸುತ್ತಿದ್ದಳು, ನಾನು ಓದುತ್ತಿದ್ದೆ. ಘಟಸರ್ಪ ಮೋಡ ಸೀಳಿತು, ಘಟಸರ್ಪ ಗರ್ಜಿಸಿತು, ಘಟಸರ್ಪದ ಕುತ್ತಿಗೆಗೆ ವಾಸು ಅವಚಿಕೊಂಡ. ಮೃಣಾಲಳ ಕೈ ಇದ್ದಕ್ಕಿದ್ದಂತೆ ನಿಂತಿತು. ಗಲ್ಲಕ್ಕೆ ಇಳಿಸಿಕೊಂಡಿದ್ದ ಮಾಸ್ಕನ್ನು ಮೂಗಿನ ಮೇಲೆ ಎಳೆದುಕೊಂಡು ಕೇಳಿದಳು.

“ಕೋಣಾಲಾ ಘಟಸರ್ಪ ಝಾಲಾಯ?”

ಯಾರಿಗೆ ಘಟಸರ್ಪ ಆಗಿದೆ ಅಂತ. ನನಗೆ ಮೊದಲು ನಗು ಬಂತು. ಘಟಸರ್ಪ ಬರುತ್ತದೆ, ಹಾರುತ್ತದೆ, ಒಯ್ಯುತ್ತದೆ. ಯಾರಿಗಾದರೂ ‘ಆಗುವುದು’ ಹೇಗೆ? ಇದು ಕಥೆ, ದೊಡ್ಡ ಹಾವು ಅಂದೆ. ಮೃಣಾಲ್ ಸಮಾಧಾನದ ಉಸಿರು ಬಿಟ್ಟು ತಾನೂ ನಕ್ಕಳು. ಆಮೇಲೆ ಮರಾಠಿಯಲ್ಲಿ ವಿವರಿಸಿದಳು. ಅವರ ಭಾಷೆಯಲ್ಲಿ ಅದು ಮಕ್ಕಳ ಗಂಟಲಿಗೆ ಬರುವ ರೋಗ. ಇಂಗ್ಲಿಷಿನಲ್ಲಿ ಡಿಫ್ತೀರಿಯಾ. ಕುತ್ತಿಗೆ ಊದಿಕೊಳ್ಳುತ್ತದೆ, ಗಂಟಲೊಳಗೆ ಪೊರೆ ಕಟ್ಟಿ ಉಸಿರು ನಿಲ್ಲುತ್ತದೆ. ಈಗ ಕೂಸಿದ್ದಾಗಲೇ ಸೂಜಿ ಹಾಕುವುದರಿಂದ ಹೆಸರೇ ಕೇಳಬರುವುದಿಲ್ಲ, ನಿಮ್ಮಜ್ಜಿಯ ಕಾಲಕ್ಕೆ ಮನೆಮನೆಯಲ್ಲಿತ್ತು. ಇಷ್ಟು ಹೇಳಿ ಅವಳು ಮತ್ತೆ ಕಾಲು ಎತ್ತಿದಳು.

ನಾನು ಅಜ್ಜಿಯ ಮುಖ ನೋಡಿದೆ. ಕಣ್ಣು ಮುಚ್ಚಿದ್ದಳು. ನಿದ್ದೆ ಹೋದವರ ರೆಪ್ಪೆ ಅಷ್ಟು ಬಿಗಿಯಾಗಿರುವುದಿಲ್ಲ.

ಅವತ್ತು ಮುಂದೆ ಓದಲಿಲ್ಲ. ಮರುದಿನವೂ ಇಲ್ಲ. ಅಜ್ಜಿ ಕೇಳಲಿಲ್ಲ. ಊಟ ತಿನ್ನಿಸಿದೆ, ಗುಳಿಗೆ ಕೊಟ್ಟೆ, ಹಾಸಿಗೆ ಬದಲಿಸಿದೆ. ನಾವಿಬ್ಬರೂ ಮಳೆಯ ಬಗ್ಗೆ ಒಂದೆರಡು ಮಾತಾಡಿದೆವು. ಶನಿವಾರ ಅಪ್ಪ ಬಂದಾಗ ಕೆಳಗೆ ಪಾರ್ಕಿಂಗಿನಲ್ಲೇ ಹಿಡಿದು ಕೇಳಿದೆ. ಅವರು ರೇನ್‌ಕೋಟು ಕೊಡವುತ್ತಿದ್ದರು. ಹೌದು, ವಾಸು ಗಂಟಲ ಬ್ಯಾನಿಯಿಂದಲೇ ಸತ್ತದ್ದು, ಮನೆಯಲ್ಲಿ ಎಲ್ಲರಿಗೂ ಗೊತ್ತು ಅಂದರು. ನನಗ್ಯಾಕೆ ಯಾರೂ ಹೇಳಲಿಲ್ಲ ಅಂದೆ. ಅಪ್ಪ ರೇನ್‌ಕೋಟನ್ನು ಮತ್ತೊಮ್ಮೆ ಕೊಡವಿದರು, ಅದರಲ್ಲಿ ನೀರು ಉಳಿದಿರಲಿಲ್ಲ.

“ಪಲ್ಲಿಗೆ ಹೇಳಬ್ಯಾಡ್ರಿ ಅಂದಿದ್ಲು ಅವ್ವ. ನೀ ಶಾಲಿಗೆ ಹೋಗತಿದ್ದಿ ಆವಾಗ. ವಾಸು ಹಾವಿನ ಕೂಡ ಹ್ವಾದಾ ಅಂತ ಚಿತ್ರ ತಗದು ತೋರಿಸಿದ್ದಿ ಅಕಿಗೆ. ಆವತ್ತಿಂದ.”

ಅಂಥ ಚಿತ್ರ ಬಿಡಿಸಿದ್ದು ನನಗೆ ನೆನಪೇ ಇರಲಿಲ್ಲ.

ಮೇಲೆ ಬಂದು ಕಾದಂಬರಿಯನ್ನು ತೆರೆದೆ. ಖಡಕಿಯ ಕೋಠಿಗಳು, ರೆಕ್ಕೆ, ಮೋಡ, ಹೆಲ್ಮೆಟ್ಟಿನೊಳಗಿನ ಕುಲಾವಿ. ಎಲ್ಲವೂ ಒಂದು ಕೂಸಿನ ಊದಿದ ಗಂಟಲಿನ ಮೇಲೆ ನಿಂತಿದ್ದವು. ಅದರ ಕೊನೆಗೆ ನಾನು ಸಡಗರದಿಂದ ತಿದ್ದುತ್ತಿದ್ದ ಬೆಂಕಿಯ ಪುಟ.

ಮರುದಿನ ಬೆಳಗ್ಗೆ ಅಜ್ಜಿಯೇ ಮಾತು ತೆಗೆದಳು. ಅಪ್ಪ ಔಷಧದ ಅಂಗಡಿಗೆ ಹೋಗಿದ್ದರು, ಅಮ್ಮ ಅಡುಗೆಮನೆಯಲ್ಲಿದ್ದಳು. ನಾನು ಅವಳ ಕೂದಲು ಬಾಚುತ್ತಿದ್ದೆ. ಬೆನ್ನಿನ ಕಡೆ ಇದ್ದದ್ದರಿಂದ ಅವಳ ಮುಖ ಕಾಣುತ್ತಿರಲಿಲ್ಲ.

“ನನಗೂ ಹಾವು ಅಂತನ ಅನಿಸಿತ್ತು,” ಅಂದಳು.

ಬಾಚಣಿಗೆ ಕೂದಲಲ್ಲೇ ನಿಂತಿತು. ಅವಳು ಮೆಲ್ಲಗೆ ಹೇಳುತ್ತ ಹೋದಳು. ಧಾರವಾಡದಿಂದ ಬಂದು ವರ್ಷ ತುಂಬಿರಲಿಲ್ಲ, ಮರಾಠಿ ಅರೆಬರೆ. ವಾಸುವಿಗೆ ಜ್ವರ ಬಂದು ಕುತ್ತಿಗೆ ಊದಿತು. ವೈದ್ಯರು ಬಂದು ನೋಡಿ ಘಟಸರ್ಪ ಅಂದರು, ಅವಳಿಗೆ ಅದು ಕೇಳಿಸಿತು. ಅವತ್ತೇ ಅವಳನ್ನು ದೂರದ ಸಂಬಂಧಿಕರೊಬ್ಬರ ಜೊತೆ ಮೋಟಾರು ಹತ್ತಿಸಿ ಭೋರ್ ಎಂಬ ಊರಿಗೆ ಕಳಿಸಿದರು. ಯಾಕೆಂದು ಹೇಳಲಿಲ್ಲ. ವಾಸು ಚಾಪೆಯ ಮೇಲಿಂದ ಎಲ್ಲಿಗೆ ಹೊಂಟಿ ಅಂತ ಸನ್ನೆಯಲ್ಲೇ ಕೇಳಿದನಂತೆ. ಸಂಜಿಕ್ಕ ಹೊಳ್ಳಿ ಬರತೀನಿ ಅಂದು ಇವಳು ಹೋದಳು. ಭೋರಿನಲ್ಲಿ ಮಳೆ ಹಿಡಿದು ರಸ್ತೆ ಮುಚ್ಚಿತು. ತಿರುಗಿ ಕರೆತಂದಾಗ ವಾಡೆಯಲ್ಲಿ ಅವನ ಚಾಪೆ ಇರಲಿಲ್ಲ, ಅವನ ಅಂಗಿ ಇರಲಿಲ್ಲ, ಗೋಡೆಗಳಿಗೆ ಹೊಸ ಸುಣ್ಣ. ಅವರವ್ವ ಹೇಳಿದ್ದು ಒಂದೇ ಮಾತು, ಘಟಸರ್ಪ ಒಯ್ತು. ಆಮೇಲೆ ಆ ಮನೆಯಲ್ಲಿ ಆ ಶಬ್ದವನ್ನು ಯಾರೂ ಎತ್ತಲಿಲ್ಲ.

ಆಗ ಯುದ್ಧದ ವಿಮಾನಗಳು ಊರ ಮೇಲೆ ಹಾದುಹೋಗುತ್ತಿದ್ದವು. ಓಣಿಯ ಮಕ್ಕಳೆಲ್ಲ ಹೆದರಿ ಒಳಗೆ ಓಡುತ್ತಿದ್ದವು. ಇವಳೊಬ್ಬಳು ಅಂಗಳಕ್ಕೆ ಓಡುತ್ತಿದ್ದಳು. ಹಾವೇ ಬಂತು, ವಾಸುವನ್ನು ಇಳಿಸಿ ಹೋಗಲು ಬಂತು ಎಂದು. ದೊಡ್ಡವಳಾಗುತ್ತ ಅದು ಹಾವಲ್ಲ ಅಂತ ಒಳಗೊಳಗೆ ತಿಳಿದಿತ್ತು, ತಿಳಿದೂ ಇರಲಿಲ್ಲ. ಮದುವೆಯಾಗಿ ಮೊದಲ ಕೂಸಿಗೆ ಸೂಜಿ ಹಾಕಿಸಲು ಹೋದಾಗ ಡಾಕ್ಟರು, ಇದು ಘಟಸರ್ಪ ಬಾರದ ಹಾಗೆ ಅಂದರಂತೆ. ಹಾಗಾದರೆ ಈ ಸೂಜಿ ಚುಚ್ಚಿದರೆ ಹಾವು ಬರುವುದಿಲ್ಲವೇ ಎಂದು ಇವಳು ಕೇಳಿಬಿಟ್ಟಳು. ಡಾಕ್ಟರು ಬಹಳ ನಕ್ಕರು. ಅವರ ಜೊತೆ ತಾನೂ ನಕ್ಕು, ಕೂಸನ್ನು ಎತ್ತಿಕೊಂಡು ಹೊರಗೆ ಬಂದು, ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಳಂತೆ.

“ಹಾವು ಒಯ್ದದ್ದು ಒಂದಿನ ತಂದು ಬಿಡಬಹುದು, ಪಲ್ಲಿ. ಬ್ಯಾನಿ ಒಯ್ದದ್ದು ಬರೂದಿಲ್ಲ. ಆವತ್ತ ಸತ್ತಾ ನನ್ನ ಪಾಲಿಗೆ ಅವಾ. ನೀ ಮತ್ತ ಹಾವು ಮಾಡಿದಿ. ನಾ ಯಾಕ ಬ್ಯಾಡ ಅನ್ನಲಿ?”

ನಾನು ಜಡೆ ಹಾಕುವುದನ್ನು ಮುಂದುವರಿಸಿದೆ. ಅವನಿಗೆ ಮೀಸೆ ಬಂತೇ ಎಂದು ಅವಳು ಅಷ್ಟು ಸಲ ಯಾಕೆ ಕೇಳಿದಳೆಂದು ಆಗ ತಿಳಿಯಿತು. 

ಬೆಂಕಿಯ ಪುಟ ತೆಗೆದುಹಾಕುತ್ತೇನೆ ಅಂದೆ. ಅವನು ಸಾಯುವುದಿಲ್ಲ, ಯುದ್ಧ ಮುಗಿಸಿ ಎಲ್ಲಾದರೂ ಬದುಕಿಕೊಳ್ಳುತ್ತಾನೆ, ಭೀಮ್ಯಾನ ಜೊತೆ ಹಿಮಾಲಯದ ಆಚೆ ಹೋಗುತ್ತಾನೆ ಅಂದೆ. ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅಜ್ಜಿ ಕೈ ಹಿಂದೆ ಚಾಚಿ ನನ್ನ ಮುಂಗೈ ಹಿಡಿದಳು.

“ಹಂಗ ಬ್ಯಾಡ. ಎಲ್ಲೋ ಅದಾನ ಅಂತ ಭಾಳ ವರ್ಷ ಕೂತಿದ್ದೆ ನಾ. ಭೀಮ್ಯಾ ಅವನ್ನ ಮನಿಗೆ ತಂದು ಬಿಡಲಿ. ಅದ ವಾಡೆಕ್ಕ, ಅದ ಖೋಲಿಯೊಳಗ. ಆಮ್ಯಾಲೆ ಆಗೂದು ಆಗಲಿ.” ಮುಂಗೈ ಬಿಡದೆ ಅಂದಳು, “ಆದ್ರ ನನ್ನ ಭೋರಿಗೆ ಕಳಸಬ್ಯಾಡ.”

ಆಸ್ಪತ್ರೆಗೆ ಸೇರಲು ಉಳಿದದ್ದು ಒಂದು ವಾರ. ನಾನು ಅಷ್ಟು ಕಷ್ಟಪಟ್ಟು ಇನ್ನೇನನ್ನೂ ಬರೆದಿಲ್ಲ. ಡ್ರ್ಯಾಗನ್ನಿನ ವಿಷಯ ನನಗೆ ಗೊತ್ತಿದ್ದದ್ದೆಲ್ಲ ಅಲ್ಲಿ ಪ್ರಯೋಜನಕ್ಕೆ ಬರಲಿಲ್ಲ. ವಾಡೆಯ ಬಾಗಿಲು ಎತ್ತ ಕಡೆ, ಚಾಪೆ ಎಲ್ಲಿ ಹಾಸಿದ್ದರು, ಕಂದೀಲು ಗೂಡಿನಲ್ಲಿತ್ತೋ ಕೊಂಡಿಗೆ ತೂಗಿತ್ತೋ ಎಂದು ಒಂದೊಂದನ್ನೂ ಅಜ್ಜಿಯನ್ನು ಕೇಳಿ ಬರೆದೆ. ಮಳೆಯಾದರೆ ಆ ಖೋಲಿಯಲ್ಲಿ ಎಂಥ ವಾಸನೆ ಎಂದೂ ಕೇಳಿದೆ. ಅವಳು ಕಣ್ಣು ಮುಚ್ಚಿ ಮೂಗಿನಿಂದ ಎಳೆದುಕೊಂಡು ಹೇಳಿದಳು. ಮಣ್ಣು, ಸುಣ್ಣ, ಕಟ್ಟಿಗೆ, ಹೊಗೆ. ಅಮ್ಮ ಬ್ಯಾಂಕಿನಿಂದ ಬಂದವಳು ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಇದೆಲ್ಲ ಈಗ ಯಾಕೆ ಎಂದು ಒಂದು ದಿನ ನನ್ನನ್ನು ಗದರಿದಳು. ಇನ್ನೊಂದು ದಿನ ತಾನೇ ಚಹಾ ತಂದು ಅಜ್ಜಿಯ ಹತ್ತಿರ ಕೂತಳು.

ಭಾನುವಾರ ಮಧ್ಯಾಹ್ನ ಓದಿದೆ. ಮರುದಿನ ಬೆಳಗ್ಗೆ ಆಸ್ಪತ್ರೆ. ಹೊರಗೆ ಎದುರಿನ ಬಿಲ್ಡಿಂಗು ಪೂರ್ತಿ ಮಾಯವಾಗಿತ್ತು. ಅಪ್ಪ ಕುರ್ಚಿ ತಂದು ಹಾಕಿಕೊಂಡರು. ಅವರು ನನ್ನ ಕಥೆ ಕೇಳಲು ಕೂತದ್ದು ಅದೇ ಮೊದಲು.

ಭೀಮ್ಯಾ ಬರ್ಮಾದಿಂದ ಮಳೆಯ ಮೋಡಗಳ ಜೊತೆಗೇ ಹೊರಟು ಬರುತ್ತಾನೆ. ಅವನ ಮೈ ವಾಡೆಯ ಅಂಗಳದಲ್ಲಿ ಹಿಡಿಸುವುದಿಲ್ಲ. ಓಣಿಯ ತುಂಬ ಸುತ್ತಿಕೊಂಡು ತಲೆಯನ್ನಷ್ಟೇ ಬಾವಿಕಟ್ಟೆಯ ಮೇಲೆ ಇಡುತ್ತಾನೆ. ವಾಸು ಇಳಿಯುತ್ತಾನೆ. ನೆಲಕ್ಕೆ ಕಾಲಿಟ್ಟದ್ದೇ, ಸರ್ಪ ಪೊರೆ ಕಳಚಿದ ಹಾಗೆ ವರ್ಷಗಳು ಕಳಚಿಕೊಳ್ಳುತ್ತವೆ. ಅಂಗಳ ದಾಟುವಾಗ ಮೀಸೆ ಇಲ್ಲ, ಹೊಸ್ತಿಲ ಬಳಿ ಹೆಲ್ಮೆಟ್ಟು ಕಣ್ಣು ಮುಚ್ಚುವಷ್ಟು ದೊಡ್ಡದಾಗುತ್ತದೆ, ಒಳಗಿನ ಖೋಲಿ ಮುಟ್ಟುವ ಹೊತ್ತಿಗೆ ಮತ್ತೆ ನಾಲ್ಕು ವರ್ಷ. ತಲೆಯ ಮೇಲೆ ಕುಲಾವಿ. ಕುತ್ತಿಗೆ ಊದಿದೆ. ವೈದ್ಯರು ಬಂದು ಹೋಗಿದ್ದಾರೆ. ಅವನ ಅವ್ವ ಗೋಡೆಗೆ ಆತು ಕೂತಿದ್ದಾಳೆ, ಅಪ್ಪ ಕಂದೀಲಿನ ಬತ್ತಿ ಏರಿಸಿ ಇಳಿಸಿ ಮಾಡುತ್ತಿದ್ದಾರೆ. ಮೋಟಾರು ಕೆಳಗೆ ಹಾರ್ನ್ ಹಾಕಿ ಹಾಕಿ ಹೊರಟುಹೋಗುತ್ತದೆ. ಆರು ವರ್ಷದ ಹುಡುಗಿಯೊಬ್ಬಳು ಬಾಗಿಲಿಂದ ಒಳಗೆ ಬರುತ್ತಾಳೆ. ಯಾರೂ ತಡೆಯುವುದಿಲ್ಲ. ಚಾಪೆಯ ಹತ್ತಿರ ಕೂತು ತಮ್ಮನ ಕೈ ಹಿಡಿದುಕೊಳ್ಳುತ್ತಾಳೆ. ಅವನು ಏನೋ ಕೇಳಲು ಬಾಯಿ ತೆರೆಯುತ್ತಾನೆ. ಅವಳು ಹೇಳುತ್ತಾಳೆ.

ಅಲ್ಲಿಗೆ ನಿಲ್ಲಿಸಿದೆ.

“ಮುಂದ?” ಅಜ್ಜಿ ಕೇಳಿದಳು.

“ಅಲ್ಲಿ ಖಾಲಿ ಬಿಟ್ಟೀನಿ ಅಜ್ಜಿ. ನೀ ಏನಂದಿ ಅಂತ ನನಗ ಗೊತ್ತಿಲ್ಲ.”

ಅವಳು ಹೊದಿಕೆಯ ಅಂಚನ್ನು ಹಿಡಿದು ಎಳೆದುಕೊಂಡಳು. ಅಪ್ಪ ಏಳಲು ಹೋಗಿ ಹಾಗೇ ಕೂತರು. ಅಜ್ಜಿ ನನ್ನ ಕಡೆಗಾಗಲಿ, ಅಪ್ಪನ ಕಡೆಗಾಗಲಿ ನೋಡಲಿಲ್ಲ. ತನ್ನ ಮಗ್ಗುಲಲ್ಲಿ, ಹಾಸಿಗೆಯ ಮೇಲೆ, ಒಂದು ಕೂಸು ಮಲಗಿದರೆ ಎಲ್ಲಿ ತಲೆ ಬರುತ್ತದೋ ಅಲ್ಲಿ ನೋಡಿದಳು.

“ಬಾಯಿ ತಗೀಬ್ಯಾಡ, ನೋಯತದ. ನಾ ಮಾತಾಡತೀನಿ. ನೀ ಸುಮ್ಮನ ಕೇಳು.”

ನಾನು ಅಷ್ಟನ್ನು ಟೈಪ್ ಮಾಡಿ, ಮುಂದಿನದಕ್ಕೆ ಬೆರಳು ಎತ್ತಿ ಕಾದೆ. ಅವಳು ಮಾತಾಡತೊಡಗಿದಳು. ಸಣ್ಣ ದನಿ, ಅವಸರದ ಮಾತು, ನಡುನಡುವೆ ಉಸಿರು ಸಾಲದೆ ನಿಲ್ಲುವುದು, ಮತ್ತೆ ಶುರು. ಕೆಳಗಿನ ಮನೆಯ ಕೋಳಿ ಮರಿ ಮಾಡಿದ್ದು, ಬಾವಿಯಲ್ಲಿ ಕೊಡ ಬಿದ್ದದ್ದು, ವಿಮಾನ ಎಷ್ಟು ಕೆಳಗೆ ಬಂತೆಂದು. ನಾನು ಫೋನನ್ನು ಮಗುಚಿ ನೆಲದ ಮೇಲೆ ಇಟ್ಟೆ. ಅದು ನನಗೆ ಹೇಳಿದ್ದಲ್ಲ.